ಇತರೆ: ಒಂದು

ಹೈಸ್ಕೂಲ್ ಮೈದಾನದ ಬೇವಿನ ನೆರಳಲ್ಲಿ
ಒಂದು ಕಾಲು ಕುಂಟುವ ಮೇಜು, ನಾನು, ನನ್ನ ಪೆನ್ಸಿಲ್ಲು.
ಇಪ್ಪತ್ತೆರಡು ವರ್ಷ ಹತ್ತಿ ಗಿರಣಿಯಲ್ಲಿ
ಬೇಲುಗಳ ಲೆಕ್ಕ ಬರೆದ ಕೈ ಇದು,
ಈಗ ಭಾನುವಾರ ರನ್ನು ಬರೆಯುತ್ತದೆ.
ಆ ದಿನ ಬರೆಯಲು ರನ್ನೇ ಇರಲಿಲ್ಲ.

ಚುಕ್ಕಿ, ಚುಕ್ಕಿ, ಚುಕ್ಕಿ.
ಗೆರೆ ಎಳೆಯುವ ಮೊದಲೇ ಯಾರೋ ಕರೆದು
ಎದ್ದು ಹೋದವಳ ರಂಗೋಲಿಯಂತೆ
ಪುಟದ ತುಂಬ ಚುಕ್ಕಿ.

ಫೈನಲ್ಲು. ನಮ್ಮ ಮಂಡಿಪೇಟೆಗೂ ದುರ್ಗದ ಜೋಗಿಮಟ್ಟಿ ತಂಡಕ್ಕೂ.
ಎರಡೂ ಕಡೆ ಒಬ್ಬೊಬ್ಬ ದುಡ್ಡಿನ ಬೌಲರು:
ಪಂದ್ಯಕ್ಕೆ ಎರಡು ಸಾವಿರ, ಊಟ, ಬಸ್ ಚಾರ್ಜು.

ದುರ್ಗದವನು ಓಬಳೇಶ.
ಕ್ರಷರಿನಲ್ಲಿ ಜಲ್ಲಿ ತುಂಬುವವನು, ಮಾತು ಕಡಿಮೆ.
ಓಡಿ ಬರುವುದು ಹದಿನೇಳು ಹೆಜ್ಜೆ.
ಎಣಿಸಿದೆ, ಎಣಿಸುವುದೇ ನನ್ನ ರೋಗ.
ಹದಿನೇಳನೆಯದು ನೆಲಕ್ಕೆ ಬಿದ್ದಾಗ
ನನ್ನ ಚಹದ ಲೋಟ ನಡುಗಿದ್ದು ಸುಳ್ಳಲ್ಲ
(ಮೇಜು ಕುಂಟು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ).
ನಾರಿನ ಮ್ಯಾಟಿಗೆ ಚೆಂಡು ಬಿದ್ದ ಸದ್ದು
ಒದ್ದೆ ಬಟ್ಟೆ ಕಲ್ಲಿಗೆ ಒಗೆದಂತೆ,
ಅದರ ಬೆನ್ನಿಗೇ ಇನ್ನೊಂದು ಸದ್ದು: ಸ್ಟಂಪು.
ತಂಡಕ್ಕಿದ್ದ ಮೂರು ಜತೆ ಪ್ಯಾಡು
ಬೆವರು ಆರುವ ಮೊದಲೇ ಕಾಲಿಂದ ಕಾಲಿಗೆ ದಾಟಿದವು.

ನಾಲ್ಕು ಓವರು, ಎರಡು ಮೇಡನ್, ಐದು ರನ್ನು, ಆರು ವಿಕೆಟ್ಟು.
ನಮ್ಮವರು ನಲವತ್ತೇಳು.

ಅದರಲ್ಲಿ ಒಂದು ಹೀಗೆ ಬಂತು:
ಅವನ ಮೂರನೇ ಓವರಿನ ಐದನೇ ಚೆಂಡು.
ಬ್ಯಾಟಿಗೆ ಸಿಗಲಿಲ್ಲ, ಪ್ಯಾಡಿಗೆ ಸಿಗಲಿಲ್ಲ,
ಬೇಲ್ಸಿನ ಮೇಲಿನ ಧೂಳಷ್ಟೇ ಎಬ್ಬಿಸಿ
ಕೀಪರ್ ರುದ್ರಮುನಿಯ ಗ್ಲೌಸಿನ ತುದಿಗೂ ನಿಲ್ಲದೆ ಹೋಯಿತು.
ಆ ದಿನ ನಾನು ಕಂಡ ಅತ್ಯುತ್ತಮ ಚೆಂಡು ಅದೇ.
ನಮ್ಮವರು ಹೆದರಿಕೆಗೇ ಓಡಿದರು.
ಅಂಪೈರು ಅಂಗೈ ಬಿಚ್ಚಿ ಎತ್ತಿದ: ಬೈ.
'ಇತರೆ' ಎಂಬ ಮನೆಯಲ್ಲಿ ಒಂದು ಎಂದು ಬರೆದೆ.

ಆಮೇಲೆ ನಮ್ಮ ಖಲಂದರ್.
ಬೆಳಗಿನ ಮೂರಕ್ಕೆ ಎದ್ದು, ಮಂಡಕ್ಕಿ ಭಟ್ಟಿಯ
ಕಾದ ಮರಳಲ್ಲಿ ಅಕ್ಕಿ ತಿರುವುವ ಭುಜ.
ವೇಗ ಅವನಲ್ಲಿಲ್ಲ.
ಕಾಳು ಅರಳುವುದಕ್ಕೂ ಕರಕಾಗುವುದಕ್ಕೂ ನಡುವೆ
ಒಂದು ಸಂದಿ ಇದೆಯಂತೆ, ಚೆಂಡನ್ನು ಅಲ್ಲಿ ಬಿಡುತ್ತಾನೆ.
ದುರ್ಗದ ಹುಡುಗರು ಬ್ಯಾಟು ಬೀಸಿ ಮುಗಿಸಿ,
ಚೆಂಡು ಎಲ್ಲಿ ಹೋಯಿತೆಂದು ಆಕಾಶ ನೋಡುವಾಗ
ಅದು ಇನ್ನೂ ಬರುತ್ತಿತ್ತು.

ನಲವತ್ತಾರಕ್ಕೆ ಒಂಬತ್ತು.
ಹನ್ನೊಂದನೆಯವನಾಗಿ ಬಂದ ಓಬಳೇಶ
ಬ್ಯಾಟನ್ನು ಹಾರೆ ಹಿಡಿದಂತೆ ಹಿಡಿದು ನಿಂತ.
ಐದು ಚುಕ್ಕಿ.
ಮಿರ್ಚಿ ಗಾಡಿಯವನು ಬಾಣಲೆಗೆ ಬೆನ್ನು ಹಾಕಿ ನೋಡುತ್ತಾ
ಒಂದು ಒಬ್ಬೆ ಪೂರಾ ಸೀಸಿಬಿಟ್ಟ.
ಆರನೆಯದಕ್ಕೆ ಬೇಲ್ಸು, ಸದ್ದೇ ಇಲ್ಲದೆ,
ಒಣಗಿದ ಎಲೆ ಕಳಚಿದ ಹಾಗೆ.

ಪಟಾಕಿ ಮುಗಿದ ಮೇಲೆ ಬಂದ. ಪುಸ್ತಕ ತೋರ್ಸ್ರಿ ಸಾರ್ ಅಂದ.
ಬೆರಳು ಚುಕ್ಕಿಗಳ ಮೇಲೆ ಸಾಲು ಸಾಲಾಗಿ ನಡೆದು
ಒಂದು ಮನೆಯಲ್ಲಿ ನಿಂತಿತು.
"ಇದು ನಂದಾ?"
ಅಲ್ಲಪ್ಪ, ಬೈ ಬೌಲರ್ ಲೆಕ್ಕಕ್ಕೆ ಬರಲ್ಲ.
"ಕೀಪರ್ದಾ?"
ಅವನ ಹೆಸರಿಗೂ ಬರೆಯಂಗಿಲ್ಲ.
"ಬ್ಯಾಟ್ಸ್‌ಮನ್‌ದೂ ಅಲ್ಲ."
ಅಲ್ಲ.
"ಮತ್ತೆ ಯಾರ್ದ್ರೀ?"

ಇಪ್ಪತ್ತೆರಡು ವರ್ಷ ಕೂಡಿ ಕಳೆದ ಕೈ
ಪೆನ್ಸಿಲ್ಲಿನ ಮೊನೆ ನೋಡುತ್ತಾ ಕೂತಿತು.

ಕತ್ತಲಾಗುವಾಗ ಮ್ಯಾಟು ಸುತ್ತಿದರು.
ಹೊಡೆದ ಮೊಳೆ ಹದಿನಾರು, ಸಿಕ್ಕಿದ್ದು ಹದಿನೈದು.
ನಾಳೆ ಇಲ್ಲಿ ಮಕ್ಕಳು ಬರಿಗಾಲಲ್ಲಿ ಓಡುತ್ತವೆ ಅಂದೆ.
ಖಲಂದರ್ ಮೊಬೈಲಿನ ಬೆಳಕು ಹಿಡಿದ,
ದುರ್ಗದ ಕೊನೇ ಬಸ್ಸಿಗೆ ಹೊರಟಿದ್ದವನು
ಬ್ಯಾಗು ಕೆಳಗಿಟ್ಟು, ಮೊಣಕಾಲೂರಿ,
ಮಣ್ಣು ಸವರತೊಡಗಿದ.